ಆವರ್ತಕ ವೆಚ್ಚ

ಕೇಶ್ವಾಪುರದ ನಮ್ಮ ಆಫೀಸಿನ ಗೋಡೆಗೆ ರಾಜ್ಯದ ನಕಾಶೆ.
ಹಣ ಹೋದ ತಾಲೂಕಿಗೆ ಹಸಿರು ಗುಂಡುಪಿನ್ನು,
ಹೋಗಬೇಕಾದಲ್ಲಿಗೆ ಹಳದಿ.
ಬೀದರದ ಪಿನ್ನು ಪದೇ ಪದೇ ಉದುರುತ್ತದೆ,
ಅಲ್ಲಿ ಗೋಡೆಯ ಗಿಲಾವು ಸಡಿಲು.
ಕಸ ಹೊಡೆಯುವ ಮಾಬೂಬಿ ಅದನ್ನು ಹೆಕ್ಕಿ
ಕೈಗೆ ಎಟುಕಿದಲ್ಲಿ ಚುಚ್ಚುತ್ತಾಳೆ. ಹೀಗಾಗಿ
ಚಾಮರಾಜನಗರಕ್ಕೆ ನಾವು ಬಹಳ ಉದಾರಿಗಳು.

ನನ್ನ ಕೆಲಸ ಅರ್ಜಿ ಓದುವುದು.
ಆರೋಗ್ಯದವು ಮಾತ್ರ; ಶಾಲೆ, ಕೆರೆ ಬೇರೆಯವರ ಟೇಬಲ್ಲು.
ನಲವತ್ತು ಪುಟವನ್ನು ಅರ್ಧ ಪುಟಕ್ಕಿಳಿಸಿ
ಮೂರು ತಿಂಗಳಿಗೊಮ್ಮೆ ಕೂಡುವ ಕಮಿಟಿಯ ಮುಂದಿಡುವುದು.
ಅಚ್ಚುಕಟ್ಟಾದ ಅರ್ಜಿಯ ಹಿಂದೆ ಒಬ್ಬ ಆಡಿಟರ್ ಇರುತ್ತಾನೆ,
ಗೀಚಿದ್ದರ ಹಿಂದೆ ರೋಗಿಗಳು
ಎಂದುಕೊಂಡಿದ್ದೆ ಮೊದಮೊದಲು.
ಅದೂ ಪೂರ್ತಿ ನಿಜವಲ್ಲ.

ಈ ಸಲ ಬೆಟಗೇರಿಯಿಂದ ಒಂದು ಬಂತು.
ವಿಠ್ಠಲಸಾ ಕಬಾಡಿ. ಛಾಪಖಾನೆಯಲ್ಲಿ ಮೊಳೆ ಜೋಡಿಸುತ್ತಿದ್ದವರು,
ಈಗ ಕಿಡ್ನಿ ಹೋದವರ ಲೆಕ್ಕ ಇಡುತ್ತಾರೆ.
ಕೇಳಿದ್ದು ಮಷೀನಲ್ಲ. ಮಷೀನು ಎರಡು ನಾವೇ ಕೊಟ್ಟಿದ್ದೆವು,
ಅಮೃತಶಿಲೆಯ ಫಲಕದ ಸಮೇತ.
ಕೇಳಿದ್ದು ಬಸ್ ಚಾರ್ಜು.

'ಗಂಡಸು ರೋಗಿಗಳು ಇಪ್ಪತ್ತಾರು.
ವಾರಕ್ಕೆರಡು ಸಲ, ಹೋಗಿಬರಲು ಎಪ್ಪತ್ತು.
ವರ್ಷಕ್ಕೆ ಒಂದು ಲಕ್ಷ ಎಂಬತ್ತೊಂಬತ್ತು ಸಾವಿರದ ಇನ್ನೂರ ಎಂಬತ್ತು.
ಹೆಂಗಸರಿಗೆ ಟಿಕೆಟ್ ಸೊನ್ನೆ, ಆದ್ದರಿಂದ ಸೇರಿಸಿಲ್ಲ.'
'ಯೋಜನೆಯ ದೀರ್ಘಕಾಲೀನ ಫಲಿತಾಂಶ' ಎಂಬ ಏಳನೆಯ ಕಾಲಮಿನಲ್ಲಿ
'ಮುಂದಿನ ಗುರುವಾರ' ಅಂತ ಬರೆದಿದ್ದರು.

ಹೋಗಿ ನೋಡಿ ಬಾ ಅಂದರು. ಹೋದೆ.
ಅಣ್ಣಿಗೇರಿಯವರೆಗೂ ನಿಂತೇ.
ಎಂಟು ಮಂಚದಲ್ಲಿ ಆರು ತುಂಬಿದ್ದವು.
ಡಂಬಳದ ಫಕ್ಕೀರಪ್ಪ ಮಾಳಗಿಮನಿ ಕಣ್ಣು ಮುಚ್ಚಿದ್ದ,
ತೋಳಿನಿಂದ ಹೊರಟ ರಕ್ತ ನಳಿಕೆಯಲ್ಲಿ
ಒಂದು ಸುತ್ತು ಹಾಕಿ ತೋಳಿಗೇ ಮರಳುತ್ತಿತ್ತು.
ಬಾಗಿಲ ಹೊರಗೆ ಅವನ ಹೆಂಡತಿ ರೇಣವ್ವ,
ಸೊನ್ನೆ ಟಿಕೆಟನ್ನು ಸುರುಳಿ ಸುತ್ತಿ
ಕಿವಿ ಕೆರೆದುಕೊಳ್ಳುತ್ತ.

'ಹೋದ ಸೋಮವಾರ ಬಂದಿದ್ದಿಲ್ಲಲ್ಲ?' ಅಂದೆ, ರಜಿಸ್ಟರ್ ನೋಡಿ.
'ನಾ ಬಂದಿದ್ದೆ ರೀ. ಅವರ ಚಾರ್ಜಿಗೆ ರೊಕ್ಕ ಇದ್ದಿದ್ದಿಲ್ಲ.
ನಂದು ಪುಕ್ಕಟೆ ಅಲ್ಲಾ?
ನಾಳೆ ಕರಕೊಂಡು ಬಂದ್ರ ನಡೀತೈತೇನು ಅಂತ ಕೇಳಾಕ ಬಂದಿದ್ದೆ.'
'ಫೋನ್ ಮಾಡಬೇಕಿತ್ತು.'
'ಫೋನಿನ್ಯಾಗ ಆಗೂದಿಲ್ಲ ಅಂತಾರ್ರೀ.
ಮುಖ ನೋಡಿದ್ರ ಅನ್ನಾಕ ಬರೂದಿಲ್ಲ.'

ಕಬಾಡಿಯವರು ಚಹಾ ತರಿಸಿದರು, ಅರ್ಧರ್ಧ ಕಪ್ಪು.
ನಾನು ಷರಾ ಬರೆಯುತ್ತಿದ್ದೆ: ನಿಯಮ ಹನ್ನೊಂದು,
ಆವರ್ತಕ ವೆಚ್ಚಕ್ಕೆ ಅವಕಾಶವಿಲ್ಲ.
ಎದುರು ಕೂತ ಮುದುಕ ತಲೆಕೆಳಗಾದ ಅಕ್ಷರವನ್ನು
ಸರಾಗ ಓದಿಬಿಟ್ಟ.
'ಮೊಳೆ ಜೋಡಿಸಿದ ಕಣ್ಣು, ತಪ್ಪು ತಿಳೀಬ್ಯಾಡ್ರಿ,' ಅಂದು
ಬೆರಳಿಟ್ಟು ತೋರಿಸಿದರು:
'ಇಲ್ಲಿ ಅರ್ಕಾವೊತ್ತು ಬಿಟ್ಟೀರಿ.'
ಬೇರೇನೂ ಅನ್ನಲಿಲ್ಲ.
ನಾನು ಅರ್ಕಾವೊತ್ತು ಹಾಕಿದೆ.

ಕಮಿಟಿಯಲ್ಲಿ ಒಬ್ಬರು ಕೇಳಿದರು, ಬಸ್ಸು ಈಗ ಫ್ರೀ ಅಲ್ಲವೆ?
ಹೆಂಗಸರಿಗೆ, ಅಂದೆ.
ಸ್ವಲ್ಪ ಹೊತ್ತು ಗೋಡಂಬಿಯ ತಟ್ಟೆ ಸುತ್ತು ಹಾಕಿತು.
ಇನ್ನೊಬ್ಬರು, ಒಳ್ಳೆಯ ಮನುಷ್ಯ, ನಿಜವಾಗಿಯೂ ಒಳ್ಳೆಯವರು, ಅಂದರು:
ವರ್ಷ ವರ್ಷ ಕೊಡುವುದು ನಮ್ಮಿಂದಾಗದು.
ಮೂರನೆಯದೊಂದು ಮಷೀನು ಕೊಡೋಣ,
ಅದು ಒಂದೇ ಸಲದ ಖರ್ಚು.

ಒಂಬತ್ತು ಲಕ್ಷ. ಎಲ್ಲರ ಒಪ್ಪಿಗೆ.
ಗದಗಿಗೆ ಹಸಿರು ಪಿನ್ನು ಚುಚ್ಚಿದೆ,
ಅಲ್ಲಿ ಗಿಲಾವು ಗಟ್ಟಿ, ಹೆಬ್ಬೆಟ್ಟು ನೊಂದಿತು.
ಪತ್ರ ಟೈಪು ಮಾಡಿದೆ: ತಿಳಿಸಲು ಸಂತೋಷವಾಗುತ್ತದೆ.
ಕೆಳಗೆ, ಬಸ್ ಚಾರ್ಜಿನ ಬಗ್ಗೆ, ಒಂದೇ ಸಾಲು.
ಅರ್ಕಾವೊತ್ತು ಎರಡು ಸಲ ನೋಡಿದೆ.
ಆವತ್ತು ಬುಧವಾರ.